ನಾಯಿ ನನ್ನನ್ನು ಕರೆದೊಯ್ಯುವುದಿಲ್ಲ

ಕಳೆದ ವರ್ಷ ದೀಪಾವಳಿ ಮುಗಿದ ವಾರ ಧಾರವಾಡದ ನಮ್ಮ ಮನೆಗೆ ನಾಲ್ಕು ಜನ ಬಂದರು. ಊರಿನ ಒಂದು ಸೇವಾ ಸಂಘದವರು. ಸಂಘದ ಹೆಸರು ಬೇಡ; ಇಂಥ ಸಂಘಗಳು ಎಲ್ಲ ಊರಿನಲ್ಲೂ ಇವೆ, ಎಲ್ಲದರಲ್ಲೂ ಒಳ್ಳೆಯ ಜನರೇ ಇರುತ್ತಾರೆ, ತೊಂದರೆ ಇರುವುದೇ ಅಲ್ಲಿ. ಅವರು ಹೊರದೇಶದಿಂದ ನಾಲ್ಕು ಲ್ಯಾಬ್ರಡಾರ್ ನಾಯಿ ತರಿಸಿ ನಾಲ್ವರು ಬಡ ಕುರುಡರಿಗೆ ದಾನ ಮಾಡುವವರಿದ್ದರು. ಚಿಕಾಗೋದಲ್ಲಿ ಎಂಟು ವರ್ಷ ಗೈಡ್ ಡಾಗ್ ಇಟ್ಟುಕೊಂಡಿದ್ದ ಮನುಷ್ಯ ಊರಿಗೆ ವಾಪಸು ಬಂದಿದ್ದಾನೆ ಎಂದು ಯಾರೋ ಹೇಳಿದ್ದರಂತೆ. ನಾನು ಮುಖ್ಯ ಅತಿಥಿಯಾಗಬೇಕು.

‘ಸರ, ನೀವು ಭಾಷಣ ಮಾಡೂದೂ ಬ್ಯಾಡ. ನಾಯಿ ಹಿಡಕೊಂಡು ವೇದಿಕೆ ಮ್ಯಾಲೆ ನಿಂತರ ಸಾಕು. ಒಂದ ಫೋಟೋ ಅಷ್ಟ.’

ನಾನು ಆಗುವುದಿಲ್ಲ ಎಂದೆ. ಅವರಿಗೆ ಬೇಸರವಾಯಿತು, ಅದು ಸಹಜ. ಆದರೆ ಆಮೇಲೆ ಅವರಲ್ಲೊಬ್ಬರು ಊರೆಲ್ಲ ಹೇಳಿಕೊಂಡು ಬಂದ ಮಾತು ನನ್ನ ಕಿವಿಗೂ ಬಿತ್ತು: ‘ತಾವು ಅಮೆರಿಕಾದಾಗ ಬಿಟ್ಟಿ ನಾಯಿ ತಗೊಂಡು ಮಜಾ ಮಾಡ್ಯಾರ. ಇಲ್ಲಿ ಬಡವರಿಗೆ ಕೊಡ್ತೀವಿ ಅಂದರ ಬ್ಯಾಡ ಅಂತಾರ. ಉಪಕಾರಸ್ಮರಣೆ ಇಲ್ಲದ ಮನಷ್ಯಾ.’ ಇದಕ್ಕೆ ಉತ್ತರ ಕೊಡದೆ ಇರುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಮೊದಲು ಒಂದು ಶಬ್ದದ ವಿಚಾರ. ನಾನು ಕುರುಡ. 2015ರ ಕೊನೆಯಿಂದ ಸರಕಾರದವರು ನಮ್ಮನ್ನು ‘ದಿವ್ಯಾಂಗ’ರೆಂದು ಕರೆಯುತ್ತಿದ್ದಾರೆ. ನನ್ನ ಕಣ್ಣಿನಲ್ಲಿ ದಿವ್ಯವಾದದ್ದು ಏನೂ ಇಲ್ಲ. ಅಕ್ಷಿಪಟಲ ಅಂಚಿನಿಂದ ಒಳಕ್ಕೆ ಸಾಯುತ್ತ ಬರುವ ರೋಗ ಅದು. ಮೊದಲು ಇರುಳುಗಣ್ಣು, ಆಮೇಲೆ ಕೊಳವೆಯಲ್ಲಿ ಇಣುಕಿದಂತೆ, ಆಮೇಲೆ ಕೊಳವೆಯೂ ಮುಚ್ಚಿಹೋಗುತ್ತದೆ. ನಮ್ಮವ್ವನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. ರಕ್ತಸಂಬಂಧದ ಮದುವೆಗಳಲ್ಲಿ ಈ ರೋಗ ಹೆಚ್ಚು ಎಂದು ಡಾಕ್ಟರು ಹೇಳಿದಾಗ ನನಗೆ ಇಪ್ಪತ್ತಾರು, ಅಮೆರಿಕಕ್ಕೆ ಹೋಗಲು ಪೆಟ್ಟಿಗೆ ಕಟ್ಟಿಯಾಗಿತ್ತು. 1983ರಲ್ಲಿ ಹೋದೆ, 1999ರ ಹೊತ್ತಿಗೆ ಪೂರ್ತಿ ಕತ್ತಲೆ. ಕೆಲಸ ಬಿಡಲಿಲ್ಲ. ಹತ್ತು ವರ್ಷ ಬಿಳಿಕೋಲು ಹಿಡಿದು ಓಡಾಡಿದೆ. 2009ರಲ್ಲಿ ಎಲ್ಲಾ ಬಂದಳು.

ಎಲ್ಲಾ ಎಂಬುದು ಅವಳ ಹೆಸರು. ಕಪ್ಪು ಲ್ಯಾಬ್ರಡಾರ್. ಮರುವರ್ಷ ನಮ್ಮವ್ವ ಆರು ತಿಂಗಳಿಗೆಂದು ಚಿಕಾಗೋಕ್ಕೆ ಬಂದಾಗ ಮೊದಲ ವಾರ ಅವಳನ್ನು ಕಂಡರೆ ಗೋಡೆ ಹಿಡಿದು ನಡೆಯುತ್ತಿದ್ದಳು. ಎರಡನೆಯ ವಾರ ಹೆಸರು ಕೇಳಿದಳು. ಮೂರನೆಯ ವಾರ ಅಡಿಗೆಮನೆಯಿಂದ ದನಿ ಬಂತು: ‘ಏನs ಎಲ್ಲವ್ವಾ, ಉಂಡ್ಯಾ?’ ಅಲ್ಲಿಂದ ಮುಂದೆ ಅವಳು ಎಲ್ಲವ್ವನೇ. ದೇವರಮನೆಯ ಹೊಸ್ತಿಲು ಮಾತ್ರ ದಾಟಿಸಲಿಲ್ಲ.

‘ಮಾರ್ಗದರ್ಶಿ ನಾಯಿ’ ಎಂದು ಕನ್ನಡ ಮಾಡಿದವರು ಯಾರೋ ಗೊತ್ತಿಲ್ಲ. ಅವರು ಕುರುಡರಂತೂ ಇರಲಾರರು. ನಾಯಿ ಮಾರ್ಗ ತೋರಿಸುವುದಿಲ್ಲ. ನಾನು ಎಲ್ಲಿಗೆ ಹೊರಟಿದ್ದೇನೆ ಎಂಬುದು ಅದಕ್ಕೆ ಗೊತ್ತೇ ಇರುವುದಿಲ್ಲ. ‘ನಡಿಯವ್ವಾ, ಆಫೀಸಿಗೆ’ ಎಂದರೆ ಅದು ಬಾಲ ಆಡಿಸುತ್ತದೆ, ಅಷ್ಟೆ. ಮನೆಯಿಂದ ಆಫೀಸಿಗೆ ಎಷ್ಟು ಕೂಡುರಸ್ತೆ, ಯಾವುದರಲ್ಲಿ ಎಡಕ್ಕೆ ಹೊರಳಬೇಕು, ಎಲ್ಲಿ ಬೇಕರಿಯ ವಾಸನೆ ಬಂದರೆ ನಾನು ಒಂದು ಗಲ್ಲಿ ಮುಂದೆ ಬಂದಿದ್ದೇನೆಂದು ಅರ್ಥ, ಇದೆಲ್ಲ ನನ್ನ ತಲೆಯಲ್ಲಿರಬೇಕು. ನಾಯಿ ಮಾಡುವುದು ಇಷ್ಟು: ನೆಟ್ಟಗೆ ನಡೆಯುತ್ತದೆ, ಅಡ್ಡ ಬಂದದ್ದನ್ನು ಬಳಸಿಕೊಂಡು ಹೋಗುತ್ತದೆ, ಫುಟ್‌ಪಾತಿನ ಅಂಚು ಬಂದಾಗ, ಮೆಟ್ಟಿಲು ಬಂದಾಗ ನಿಲ್ಲುತ್ತದೆ, ಬಾಗಿಲು ಹುಡುಕು ಎಂದರೆ ಹುಡುಕುತ್ತದೆ. ಅದರ ಬೆನ್ನಿಗೆ ಕಟ್ಟಿದ ಪಟ್ಟಿಗೆ ಕಮಾನಿನಂಥ ಗಟ್ಟಿ ಹಿಡಿಕೆಯೊಂದಿರುತ್ತದೆ. ಎಡಗೈಯಲ್ಲಿ ಅದನ್ನು ಹಿಡಿದರೆ ನಾಯಿಯ ಹೆಗಲು ಹೊರಳಿದ್ದು, ತಡೆದದ್ದು ಎಲ್ಲ ಅಂಗೈಗೆ ತಿಳಿಯುತ್ತದೆ. ಕೋಲಿಗೆ ವಸ್ತು ತಾಗಿದ ಮೇಲೆ ಅದು ಇದೆ ಎಂದು ಗೊತ್ತಾಗುತ್ತದೆ. ನಾಯಿಯ ಜೊತೆ ನಡೆದಾಗ ಎಷ್ಟು ವಸ್ತುಗಳನ್ನು ದಾಟಿ ಬಂದೆ ಎಂಬುದೇ ಗೊತ್ತಾಗುವುದಿಲ್ಲ. ವ್ಯತ್ಯಾಸ ಅದೇ, ಅದು ಸಣ್ಣ ವ್ಯತ್ಯಾಸವಲ್ಲ. ಹತ್ತು ವರ್ಷದ ಮೇಲೆ ನಾನು ಮೊದಲ ಸಲ ಬೀಸುಗಾಲು ಹಾಕಿ ನಡೆದದ್ದು ಎಲ್ಲಾಳ ಜೊತೆ.

ಸಿಗ್ನಲಿನ ವಿಷಯ ಇನ್ನೂ ಸ್ವಾರಸ್ಯ. ಕೆಂಪು ದೀಪ ನೋಡಿ ನಾಯಿ ನಿಲ್ಲುತ್ತದೆ, ಹಸಿರು ಬಂದರೆ ಹೊರಡುತ್ತದೆ ಎಂದು ಓದುಬರಹ ಕಲಿತವರೂ ನಂಬಿದ್ದಾರೆ. ನಾಯಿಗೆ ಕೆಂಪು ಹಸಿರಿನ ಭೇದ ನಮ್ಮ ಹಾಗೆ ಕಾಣುವುದಿಲ್ಲ, ಕಂಡರೂ ಅದಕ್ಕೆ ಟ್ರಾಫಿಕ್ ಕಾನೂನು ಗೊತ್ತಿಲ್ಲ. ನನ್ನ ಪಕ್ಕಕ್ಕೆ ಸಮಾನಾಂತರವಾಗಿ ನಿಂತಿದ್ದ ವಾಹನಗಳು ಹೊರಟ ಸದ್ದು ಕೇಳಿ ‘ಫಾರ್ವರ್ಡ್’ ಎನ್ನುವವನು ನಾನು. ಆಗ ಯಾವನೋ ಕಾರು ನುಗ್ಗಿಸಿದರೆ ನಾಯಿ ನನ್ನ ಮಾತು ಕೇಳದೆ ನಿಂತುಬಿಡುತ್ತದೆ. ಹೇಳಿದ್ದನ್ನು ಕೇಳುವುದನ್ನು ಎಲ್ಲ ನಾಯಿಗೂ ಕಲಿಸಬಹುದು. ಯಾವಾಗ ಕೇಳಬಾರದು ಎಂಬುದನ್ನು ಕಲಿಸುವುದೇ ಆ ಶಾಲೆಗಳ ನಿಜವಾದ ವಿದ್ಯೆ. ಒಮ್ಮೆ ಒಬ್ಬ ತನ್ನ ಗ್ಯಾರೇಜಿನಿಂದ ಬ್ಯಾಟರಿ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದ, ನನಗೆ ಸದ್ದೇ ಇಲ್ಲ. ಎಲ್ಲಾ ನನ್ನ ಮೊಣಕಾಲಿಗೆ ಅಡ್ಡ ನಿಂತಳು. ನಾನು ಗದರಿಸಿದೆ. ಅವಳು ಅಲ್ಲಾಡಲಿಲ್ಲ. ಕಾರಿನ ಗಾಳಿ ನನ್ನ ಕೋಟಿಗೆ ತಾಗಿ ಹೋಯಿತು. ಸದ್ದಿಲ್ಲದ ಕಾರುಗಳು ಸದ್ದು ಮಾಡಲೇಬೇಕು ಎಂಬ ಕಾನೂನು 2010ರ ಕೊನೆಗೆ ಅಮೆರಿಕದ ಸಂಸತ್ತಿನಲ್ಲಿ ಪಾಸಾಯಿತು. ಅದಕ್ಕಾಗಿ ಬೆನ್ನುಹತ್ತಿದವರು ಅಲ್ಲಿನ ಕುರುಡರ ಸಂಘಟನೆಗಳು. ನಾಯಿಪ್ರಿಯರಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನಾಯಿ ಕೊಟ್ಟರೆ ಕುರುಡನಿಗೆ ಕಣ್ಣು ಕೊಟ್ಟಂತೆ ಎಂಬ ಮಾತು ಶುದ್ಧ ಸುಳ್ಳು. ನಾಯಿ ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧ ಕುರುಡ ಮಾಡಬೇಕು. ಆ ಇಬ್ಬರ ಕಾಲ ಕೆಳಗೆ ಒಂದು ದಾರಿ ಇರಬೇಕು. ಇದರಲ್ಲಿ ದಾನದ ಮಾತು ಎಲ್ಲಿ ಬಂತು?

ಹುಟ್ಟಿನಿಂದಲೇ ಈ ಕೆಲಸ ದಾನದ್ದಾಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಜರ್ಮನ್ ಸೈನಿಕರಿಗಾಗಿ 1916ರಲ್ಲಿ ಓಲ್ಡನ್‌ಬರ್ಗಿನಲ್ಲಿ ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ಡಾಕ್ಟರು ಮೊದಲ ಶಾಲೆ ತೆರೆದರು. ಆಮೇಲೆ ಪೋಟ್ಸ್‌ಡಾಮಿನಲ್ಲಿ ಇನ್ನೊಂದು. ಅದನ್ನು ನೋಡಿ ಬಂದ ಡೊರೋತಿ ಯೂಸ್ಟಿಸ್ ಎಂಬ ಅಮೆರಿಕದ ಹೆಂಗಸು 1927ರಲ್ಲಿ ಒಂದು ವಾರಪತ್ರಿಕೆಗೆ ಲೇಖನ ಬರೆದಳು. ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ಊರಿನ ಮಾರಿಸ್ ಫ್ರ್ಯಾಂಕ್ ಎಂಬ ಕುರುಡ ಹುಡುಗನಿಗೆ ಅವನ ಅಪ್ಪ ಅದನ್ನು ಓದಿ ಹೇಳಿದ. ಹುಡುಗನಿಗೆ ಇಪ್ಪತ್ತರ ಆಸುಪಾಸು. ಸಂಬಳ ಕೊಟ್ಟು ಇಟ್ಟುಕೊಂಡ ಆಳಿನ ಕೈಹಿಡಿದು ತಿರುಗಿ ತಿರುಗಿ ಬೇಸತ್ತಿದ್ದ. ಅವಳಿಗೆ ಪತ್ರ ಬರೆದ, ಹಡಗು ಹತ್ತಿ ಸ್ವಿಟ್ಜರ್‌ಲೆಂಡಿಗೆ ಹೋದ. 1928ರ ಜೂನಿನಲ್ಲಿ ಬಡ್ಡಿ ಎಂಬ ನಾಯಿಯ ಜೊತೆ ನ್ಯೂಯಾರ್ಕಿಗೆ ಮರಳಿ, ಪತ್ರಿಕೆಯವರ ಮುಂದೆ, ವಾಹನಗಳು ಮುಕುರಿದ್ದ ವೆಸ್ಟ್ ಸ್ಟ್ರೀಟನ್ನು ದಾಟಿ ತೋರಿಸಿದ. ಮರುವರ್ಷ ಅವರಿಬ್ಬರೂ ಸೇರಿ ‘ಸೀಯಿಂಗ್ ಐ’ ಶಾಲೆ ಕಟ್ಟಿದರು.

ಈ ಕತೆಯಲ್ಲಿ ಫೋಟೋ ತೆಗೆಸಿಕೊಳ್ಳುವವರು ನೆನಪಿಡಬೇಕಾದ ಎರಡು ಸಂಗತಿಗಳಿವೆ. ಕಟ್ಟಿದವರಲ್ಲೊಬ್ಬ ಸ್ವತಃ ಕುರುಡ. ಅವನು ವೇದಿಕೆಯ ಮೇಲೆ ನಾಯಿ ಹಿಡಿದು ನಿಲ್ಲಲು ಬಂದವನಲ್ಲ, ಮುಂದೆ ದಶಕಗಳ ಕಾಲ ಆ ಸಂಸ್ಥೆಯ ಕೆಲಸ ನಡೆಸಿದವನು. ಎರಡನೆಯದು, ಆ ಶಾಲೆ ನಾಯಿಯನ್ನು ಬಿಟ್ಟಿ ಕೊಡುವುದಿಲ್ಲ. ಮೊದಲ ನಾಯಿಗೆ 150 ಡಾಲರು, ಆಮೇಲಿನದಕ್ಕೆ 50. 1930ರ ದಶಕದಲ್ಲಿ ಗೊತ್ತುಮಾಡಿದ ಆ ದರವನ್ನು ಅವರು ಏರಿಸಿಲ್ಲ. ಒಂದು ನಾಯಿಯನ್ನು ತಯಾರು ಮಾಡಲು 50 ಸಾವಿರ ಡಾಲರಿಗೂ ಮೇಲೆ ಬೀಳುತ್ತದೆಂದು ಈ ಶಾಲೆಗಳೇ ಹೇಳುತ್ತವೆ. ಅದರ ಮುಂದೆ 150 ಯಾವ ಲೆಕ್ಕ? ಲೆಕ್ಕ ಹಣದ್ದಲ್ಲ. ದುಡ್ಡು ಕೊಟ್ಟವನು ತಲೆ ಬಗ್ಗಿಸಬೇಕಾಗಿಲ್ಲ. ತರಬೇತಿ ಮುಗಿದ ದಿನವೇ ನಾಯಿಯ ಒಡೆತನವೂ ಅವನದಾಗುತ್ತದೆ.

ನನಗೆ ನಾಯಿ ಕೊಟ್ಟದ್ದು ಬೇರೆ ಸಂಸ್ಥೆ. ಅಮೆರಿಕದಲ್ಲಿ ಇಂಥವು ಹತ್ತಾರಿವೆ, ಇದರ ಹೆಸರನ್ನೂ ಹೇಳುವುದಿಲ್ಲ. ವಿಮಾನದ ಖರ್ಚು ಕೊಟ್ಟು ಕರೆಸಿಕೊಂಡರು, ನಾಲ್ಕು ವಾರ ಇರಿಸಿಕೊಂಡು ಕಲಿಸಿದರು, ಒಂದು ಪೈಸೆ ಮುಟ್ಟಲಿಲ್ಲ. ಆ ತರಬೇತುದಾರರ ತಾಳ್ಮೆಯನ್ನು ಇಂದಿಗೂ ನೆನೆಯುತ್ತೇನೆ. ಕೊನೆಯ ದಿನ ಒಂದು ಕರಾರುಪತ್ರಕ್ಕೆ ಸಹಿ ಹಾಕಿಸಿದರು. ಕುರುಡರಿಗಾಗಿಯೇ ಇರುವ ಸಂಸ್ಥೆಯ ಆ ಪತ್ರ ಬ್ರೈಲ್‌ನಲ್ಲಿರಲಿಲ್ಲ. ಹೆಂಡತಿ ಫೋನಿನಲ್ಲಿ ನಕ್ಕಳು. ಅಲ್ಲಿನ ಸಿಬ್ಬಂದಿಯೊಬ್ಬರು ಓದಿ ಹೇಳಿದರು. ನಾಯಿಯ ಒಡೆತನ ಸಂಸ್ಥೆಯದೇ, ಅದರ ಹಿತಕ್ಕೆ ಧಕ್ಕೆ ಬಂತೆಂದು ಸಂಸ್ಥೆಗೆ ತೋರಿದರೆ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು ಎಂದಿತ್ತು. ಎಲ್ಲಾ ಆಗ ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗಿದ್ದಳು. ಸಹಿ ಹಾಕಿದೆ.

2012ರ ಜನವರಿ. ಚಿಕಾಗೋದ ಚಳಿಯಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪು ನಾಯಿಯ ಪಾದಕ್ಕೆ ಉರಿ. ಅದಕ್ಕೆಂದೇ ರಬ್ಬರಿನ ಬೂಟುಗಳಿವೆ. ಅವತ್ತು ಒಂದು ಬೂಟು ದಾರಿಯಲ್ಲಿ ಕಳಚಿಬಿತ್ತು. ಎಲ್ಲಾ ಕಾಲೆತ್ತಿ ಕುಂಟಿದಳು. ನಾನು ಮೊಣಕಾಲೂರಿ ಕೈಚೀಲದಿಂದ ಇನ್ನೊಂದು ಬೂಟು ತೆಗೆದು ಹಾಕಿದೆ, ಮುಂದೆ ಹೋದೆ. ಇಷ್ಟೇ ನಡೆದದ್ದು. ಆದರೆ ಯಾರೋ ಒಬ್ಬರು ಕಾರಿನಿಂದ ನೋಡಿದ್ದಾರೆ, ಸಂಸ್ಥೆಗೆ ಫೋನು ಮಾಡಿದ್ದಾರೆ: ಕುರುಡನೊಬ್ಬ ನಾಯಿಗೆ ಹಿಂಸೆ ಕೊಡುತ್ತಿದ್ದಾನೆ.

ನಾಲ್ಕು ದಿನದ ಮೇಲೆ ಸಂಸ್ಥೆಯಿಂದ ಒಬ್ಬ ಹೆಂಗಸು ಹೇಳದೆ ಕೇಳದೆ ಬಂದರು. ಎಲ್ಲಾಳ ಪಕ್ಕೆಲುಬು ಮುಟ್ಟಿ ನೋಡಿದರು, ಕಿವಿ ನೋಡಿದರು, ಪಾದ ನೋಡಿದರು. ಕಾಳಿನ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು. ನಾನು ಅದೇ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದೆ. ಅವರು ನನ್ನ ಹೆಂಡತಿಯನ್ನು ಕೇಳಿದರು: ‘ಅವರು ಇದಕ್ಕೆ ಹೊತ್ತಿಗೆ ಸರಿಯಾಗಿ ತಿನ್ನಲು ಹಾಕುತ್ತಾರೆಯೆ?’

ನನ್ನನ್ನು ಕೇಳಲಿಲ್ಲ. ಮೂರು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಹಿಮದಲ್ಲಿ ನಿಂತು, ಅವಳು ಮಲವಿಸರ್ಜನೆ ಮಾಡಿದ್ದನ್ನು ಪ್ಲಾಸ್ಟಿಕ್ ಚೀಲದ ಮೇಲಿಂದ ಕೈಯಲ್ಲಿ ಹುಡುಕಿ ಎತ್ತಿದವನು ನಾನು. ಹಲ್ಲುಜ್ಜಿದವನು ನಾನು. ‘ದೂರು ಬಂದರೆ ನಾವು ನೋಡಲೇಬೇಕಲ್ಲ’ ಎಂದು ಹೋಗುವಾಗ ಮೆತ್ತಗೆ ಹೇಳಿದರು. ಸರಿಯೇ, ನೋಡಬೇಕು. ಆದರೆ ಅದಾದ ಮೇಲೆ ವರ್ಷಗಟ್ಟಲೆ, ಬೀದಿಯಲ್ಲಿ ಎಲ್ಲಾಳಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕಾದಾಗಲೂ ನಾನು ಅಕ್ಕಪಕ್ಕ ಯಾರಿದ್ದಾರೋ ಎಂದು ಅಂಜಿದೆ. ನನಗೆ ಕಾಣದ ಊರೆಲ್ಲ ನನ್ನನ್ನು ನೋಡುತ್ತಿತ್ತು.

ಇದು ನನ್ನೊಬ್ಬನ ಕತೆಯಾಗಿದ್ದರೆ ಬರೆಯುತ್ತಿರಲಿಲ್ಲ. ನನ್ನ ಜೊತೆ ತರಬೇತಿ ಪಡೆದವರಲ್ಲಿ ಒಬ್ಬ ನೀಗ್ರೋ ಮುದುಕನಿದ್ದ. ಹಾಗೆ ಹೇಳಬಾರದು, ಕರಿಯ ಜನಾಂಗದವನು. ನನ್ನ ಕಾಲದ ಕನ್ನಡ ನಾಲಗೆಗೆ ಬಂದುಬಿಡುತ್ತದೆ. ಅವನ ನಾಯಿ ತೂಕ ಏರಿಸಿಕೊಂಡಿತೆಂದು ಎರಡು ಎಚ್ಚರಿಕೆಯ ಪತ್ರ ಬಂದವು, ಮೂರನೆಯದಕ್ಕೆ ನಾಯಿಯನ್ನೇ ಒಯ್ದರು. ಅವನು ಆಮೇಲೆ ಮನೆಯಿಂದ ಹೊರಬೀಳುವುದನ್ನೇ ಬಿಟ್ಟ. ಇನ್ನೊಬ್ಬ ಹುಡುಗಿಗೆ ಅದೇ ಸಂಸ್ಥೆ ದೇವರಂತೆ ಒದಗಿತು. ನಾಯಿಗೆ ಕಾಯಿಲೆಯಾದಾಗ ಆಸ್ಪತ್ರೆಯ ಖರ್ಚೆಲ್ಲ ಭರಿಸಿತು. ಎರಡೂ ನಿಜ. ಕೊಡುವವರು ಒಳ್ಳೆಯವರೋ ಕೆಟ್ಟವರೋ ಎಂಬುದಲ್ಲ ನನ್ನ ಜಗಳ. ಮನುಷ್ಯನೊಬ್ಬನ ನಡಿಗೆ ಇನ್ನೊಬ್ಬರ ಒಳ್ಳೆಯತನದ ಮೇಲೆ ನಿಂತಿರಬಾರದು ಎಂಬುದು.

ಹಣ ಎತ್ತುವ ಅವರ ಪೋಸ್ಟರುಗಳ ಬಗ್ಗೆಯೂ ಹೇಳಬೇಕು. ಹೆಂಡತಿ ಬಸ್ ನಿಲ್ದಾಣದಲ್ಲಿ ಓದಿ ಹೇಳುತ್ತಿದ್ದಳು. ಮರಿ ನಾಯಿ, ಮರಿ ನಾಯಿಯ ಕಣ್ಣು, ಮರಿ ನಾಯಿಯ ಕೊರಳಿಗೆ ರಿಬ್ಬನ್ನು. ‘ಕುರುಡ ಎಲ್ಲಿದ್ದಾನೆ?’ ಎಂದು ಕೇಳುತ್ತಿದ್ದೆ. ‘ಒಂದು ಮೂಲೆಯಲ್ಲಿ ಮೊಣಕೈವರೆಗೆ ಬಂದಿದ್ದಾನೆ’ ಎನ್ನುತ್ತಿದ್ದಳು. ಬೀದಿಯಲ್ಲೂ ಹಾಗೇ. ಎಂಟು ವರ್ಷದಲ್ಲಿ ‘ನಾಯಿಯ ಹೆಸರೇನು’ ಎಂದು ಸಾವಿರ ಜನ ಕೇಳಿದ್ದಾರೆ. ನನ್ನ ಹೆಸರು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಕೆಲಸದಲ್ಲಿರುವ ನಾಯಿಯನ್ನು ಮುಟ್ಟಬಾರದು, ಕರೆಯಬಾರದು ಎಂದು ಅದರ ಬೆನ್ನಮೇಲೆ ಬರೆದಿರುತ್ತದೆ. ಓದುತ್ತ ಓದುತ್ತಲೇ ಮುಟ್ಟುವವರಿದ್ದರು.

ನಿಜವಾಗಿ ಕೊಟ್ಟವರು ಯಾರೆಂದರೆ ಆ ನಾಯಿಯನ್ನು ಸಾಕಿದವರು. ಇದನ್ನು ಊರಿನ ಸಂಘದವರು ಕೇಳಿಸಿಕೊಳ್ಳಲೇ ಇಲ್ಲ. ಎಂಟು ವಾರದ ಮರಿಯನ್ನು ಸಂಸ್ಥೆ ಒಂದು ಮನೆಗೆ ಕೊಡುತ್ತದೆ. ಆ ಮನೆಯವರು ವರ್ಷಕ್ಕೂ ಮೇಲೆ ಅದನ್ನು ಸಾಕಿ, ಬಸ್ಸು, ಲಿಫ್ಟು, ಅಂಗಡಿ, ಮಕ್ಕಳ ಗಲಾಟೆ ಎಲ್ಲಕ್ಕೂ ರೂಢಿ ಮಾಡಿಸಿ, ಅದು ಮನೆಯ ಮಗುವಾಗಿ ಹೋದ ಹೊತ್ತಿಗೆ ವಾಪಸು ಕೊಡುತ್ತಾರೆ. ಎಲ್ಲಾಳನ್ನು ಸಾಕಿದ್ದು ಒಬ್ಬ ಶಾಲಾ ಮಾಸ್ತರ, ಅವನ ಹೆಂಡತಿ, ಇಬ್ಬರು ಮಕ್ಕಳು. ನನ್ನ ಕೈಗೆ ಅವಳು ಬಂದ ದಿನ ಆ ಚಿಕ್ಕ ಹುಡುಗ ‘ಅವಳಿಗೆ ಗುಡುಗೆಂದರೆ ಹೆದರಿಕೆ’ ಎಂದು ಇಷ್ಟು ಹೇಳಿ ಒಳಗೆ ಓಡಿಹೋದ. ಅವರ ಹೆಸರು ಯಾವ ಪೋಸ್ಟರಿನಲ್ಲೂ ಇಲ್ಲ. ಅವರೆಂದೂ ನನ್ನೊಡನೆ ಫೋಟೋ ತೆಗೆಸಿಕೊಳ್ಳಲಿಲ್ಲ. 2017ರಲ್ಲಿ, ಹತ್ತು ವರ್ಷದವಳಾಗಿ ಎಲ್ಲಾ ಕೆಲಸದಿಂದ ನಿವೃತ್ತಳಾದಾಗ ಕರಾರಿನಂತೆ ನಾನೇ ಅವಳನ್ನು ಇಟ್ಟುಕೊಳ್ಳಬಹುದಿತ್ತು, ಇಟ್ಟುಕೊಂಡೆ. ನಾನು ಕೋಲು ಹಿಡಿದು ಹೊರಟಾಗ ಅವಳು ಬಾಗಿಲವರೆಗೆ ಬಂದು ನಿಲ್ಲುವ ಉಗುರಿನ ಸದ್ದು ಮೂರು ವರ್ಷ ಕೇಳಿತು. 2020ರಲ್ಲಿ ಸತ್ತಳು. ಆ ಹುಡುಗ ಆಗ ಕಾಲೇಜಿನಲ್ಲಿದ್ದ, ಫೋನಿನಲ್ಲಿ ಅತ್ತ.

ಇನ್ನು ನಮ್ಮವರ ಸಮಾಚಾರ. ಅಮೆರಿಕದಲ್ಲಿ 1990ರ ಕಾನೂನೊಂದಿದೆ. ಅದರ ಪ್ರಕಾರ ಹೋಟೆಲಿನವನು ನನ್ನನ್ನು ಎರಡೇ ಪ್ರಶ್ನೆ ಕೇಳಬಹುದು: ಈ ನಾಯಿ ನಿಮ್ಮ ಅಂಗವಿಕಲತೆಗೆ ಬೇಕಾದದ್ದೆ? ಯಾವ ಕೆಲಸಕ್ಕೆ ತರಬೇತಾಗಿದೆ? ಉತ್ತರ ಕೊಟ್ಟರೆ ಒಳಗೆ ಬಿಡಲೇಬೇಕು. ಅಮೆರಿಕದವರ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಬಿಟ್ಟರು. ಇಡ್ಲಿ ದೋಸೆಯ ಹೋಟೆಲಿನಲ್ಲಿ ನಮ್ಮವನೇ ಆದ ಮಾಲೀಕ ‘ಬೇರೆ ಗಿರಾಕಿಗಳು ಏನಂತಾರೆ ಸರ್’ ಎಂದ. ಕಾನೂನು ಹೇಳಿದ ಮೇಲೆ ಪಾಯಿಖಾನೆಯ ಪಕ್ಕದ ಟೇಬಲು ಕೊಟ್ಟ. ಫೋನಿನಲ್ಲಿ ಕರೆಸುವ ಟ್ಯಾಕ್ಸಿಗಳಂತೂ ನಾಯಿ ಕಂಡೊಡನೆ ಮುಂದೆ ಹೋಗಿಬಿಡುತ್ತಿದ್ದವು; ಟೈರಿನ ಸದ್ದು ನಿಧಾನವಾಗಿ, ಮತ್ತೆ ಜೋರಾಗಿ, ದೂರವಾಗುತ್ತಿತ್ತು. ಇದು ನನ್ನ ಕಲ್ಪನೆಯಲ್ಲ. 14 ಸಲ ಹೀಗೆ ತೊಂದರೆಗೊಳಗಾದ ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಕುರುಡ ಮಹಿಳೆಯೊಬ್ಬರಿಗೆ ವಕೀಲರ ಖರ್ಚೂ ಸೇರಿ 11 ಲಕ್ಷ ಡಾಲರು ಕೊಡಬೇಕೆಂದು 2021ರಲ್ಲಿ ಊಬರ್ ಕಂಪೆನಿಯ ವಿರುದ್ಧ ಮಧ್ಯಸ್ಥಗಾರರ ತೀರ್ಪು ಬಂದಿದೆ.

ಮತ್ತೆ ದೇವಸ್ಥಾನ. ಆ ಕಾನೂನು ಧಾರ್ಮಿಕ ಸಂಸ್ಥೆಗಳಿಗೆ ಅನ್ವಯಿಸುವುದಿಲ್ಲ. 2011ರ ದೀಪಾವಳಿಗೆ ನಮ್ಮ ಕಡೆಯ ಒಂದು ದೇವಸ್ಥಾನದ ಬಾಗಿಲಲ್ಲಿ ಸ್ವಯಂಸೇವಕ ಹುಡುಗನೊಬ್ಬ ತಡೆದ. ಬಹಳ ವಿನಯದಿಂದ, ‘ಅಂಕಲ್, ನಾಯೀನ ಹೊರಗೆ ಕಟ್ಬಿಡಿ, ನಾವು ನಿಮ್ಮ ಕೈಹಿಡಿದು ಕರ್ಕೊಂಡು ಹೋಗ್ತೀವಿ’ ಎಂದ. ಕೈಹಿಡಿದು ಕರೆದುಕೊಂಡು ಹೋಗುವವರು ಬೇಡವೆಂದಲ್ಲವೆ ಮಾರಿಸ್ ಫ್ರ್ಯಾಂಕ್ ಹಡಗು ಹತ್ತಿದ್ದು! ನಾನು ಕಾರಿನಲ್ಲಿ ಎಲ್ಲಾಳ ಜೊತೆ ಕೂತೆ, ಹೆಂಡತಿ ಪ್ರಸಾದ ತಂದಳು. ಅವತ್ತು ರಾತ್ರಿ ಅವ್ವನಿಗೆ ಫೋನು ಮಾಡಿ ಹೇಳಿದೆ. ದೇವರಮನೆಯ ಹೊಸ್ತಿಲು ದಾಟಿಸದಿದ್ದ ಅವ್ವ ಒಂದು ಕ್ಷಣ ಸುಮ್ಮನಿದ್ದು, ‘ಧರ್ಮರಾಯ ನಾಯಿ ಬಿಟ್ಟು ಸ್ವರ್ಗಕ್ಕs ಬರೂದಿಲ್ಲಂದಾ. ಇವರದೇನು ಸ್ವರ್ಗಕ್ಕಿಂತ ಮಿಗಿಲಾದ ಗುಡಿಯೇನು?’ ಎಂದಳು. ಕುಮಾರವ್ಯಾಸ ಹತ್ತು ಪರ್ವಕ್ಕೇ ನಿಲ್ಲಿಸಿಬಿಟ್ಟದ್ದರಿಂದ ಮಹಾಪ್ರಸ್ಥಾನದ ಆ ನಾಯಿ ಅವನ ಕೈಗೆ ಸಿಗಲಿಲ್ಲ. ಅವ್ವ ಅದನ್ನು ಕೇಳಿದ್ದು ಪುರಾಣ ಹೇಳುವ ಶಾಸ್ತ್ರಿಗಳಿಂದ. ಮರುದಿನ ಮತ್ತೆ ತಾನೇ ಫೋನು ಮಾಡಿ, ಮೈಲಾರಲಿಂಗನ ಸಂಗಡ ನಾಯಿ ಇರುವುದನ್ನೂ ಸೇರಿಸಿದಳು.

ಇಷ್ಟೆಲ್ಲ ಇದ್ದೂ ಆ ದೇಶದಲ್ಲಿ ನಾಯಿ ನಡೆಯಿತು. ಯಾಕೆಂದರೆ ಅಲ್ಲಿ ಫುಟ್‌ಪಾತಿಗೆ ಅಂಚು ಇದೆ. ಅಂಚಿದ್ದರೆ ತಾನೆ ನಾಯಿ ಅಂಚಿಗೆ ನಿಲ್ಲುವುದು? ಅಲ್ಲೂ ಎಲ್ಲ ಸರಿಯಿಲ್ಲ. ಚಿಕಾಗೋದ ಎರಡೂವರೆ ಸಾವಿರಕ್ಕೂ ಮಿಕ್ಕಿದ ಸಿಗ್ನಲ್ ಕೂಡುರಸ್ತೆಗಳಲ್ಲಿ ಕುರುಡರಿಗೆ ಕೇಳುವ ಸಂಜ್ಞೆ ಇದ್ದದ್ದು ಬೆರಳೆಣಿಕೆಯಷ್ಟರಲ್ಲಿ. ಅಲ್ಲಿನ ಕುರುಡರು 2019ರಲ್ಲಿ ನಗರದ ಮೇಲೆ ದಾವೆ ಹೂಡಿದರು, 2023ರಲ್ಲಿ ನಗರ ತಪ್ಪು ಮಾಡಿದೆ ಎಂದು ಕೋರ್ಟು ಹೇಳಿತು. ನಾಯಿ ಇದ್ದವರೂ ಇಲ್ಲದವರೂ ಸೇರಿ ಕೇಳಿದ್ದು ದಾರಿಯನ್ನು.

2022ರಲ್ಲಿ ಧಾರವಾಡಕ್ಕೆ ಬಂದ ಮೇಲೆ ನನ್ನ ದಿನದ ನಡಿಗೆ ನಮ್ಮ ಗಲ್ಲಿಯಿಂದ ಚಿಗರಿ ಬಸ್ಸಿನ ನಿಲ್ದಾಣದವರೆಗೆ. ಕಣ್ಣಿದ್ದವರಿಗೆ ಆರು ನಿಮಿಷ. ನನಗೆ ಇಪ್ಪತ್ತು. ಗಲ್ಲಿಯ ತುದಿಯಲ್ಲಿ ಚರಂಡಿಯ ಚಪ್ಪಡಿಯೊಂದು ಒಡೆದು ಕೋಲು ಮೊಣಕಾಲಷ್ಟು ಒಳಗೆ ಹೋಗುತ್ತದೆ. ಆಮೇಲೆ ಟ್ರಾನ್ಸ್‌ಫಾರ್ಮರ್. ಆಮೇಲೆ ನಾಲ್ಕು ಮೋಟರ್‌ಸೈಕಲ್ಲು, ಒಂದು ಪಾನಪಟ್ಟಿ ಅಂಗಡಿ. ಐದು ಬೀದಿ ನಾಯಿಗಳ ಒಂದು ಸಂಸಾರವೂ ಅಲ್ಲೇ ಇದೆ. ನನ್ನ ಕೋಲಿಗೆ ಅವು ಒಗ್ಗಿಕೊಂಡಿವೆ, ಆದರೆ ಸೀಮೆ ದಾಟಿ ಬಂದ ಲ್ಯಾಬ್ರಡಾರನ್ನು ಬಿಟ್ಟಾವೆಯೆ? ಪಟ್ಟಿ ಕಟ್ಟಿದ ನಾಯಿಗೆ ತಿರುಗಿ ಕಚ್ಚಲು ಕಲಿಸಿರುವುದಿಲ್ಲ. ಇದನ್ನೆಲ್ಲ ದಾಟಿದರೆ ಮುಖ್ಯರಸ್ತೆ. ಚಿಗರಿಯ ನಿಲ್ದಾಣ ರಸ್ತೆಯ ನಡುವೆ ಇದೆ, ದಾಟದೆ ಬಸ್ಸಿಲ್ಲ.

ಹಳದಿ ಉಬ್ಬು ಬಿಲ್ಲೆಗಳ ಮಾತನ್ನೂ ಆಡಿಬಿಡುತ್ತೇನೆ. ಜಪಾನಿನ ಸೇಯಿಚಿ ಮಿಯಾಕೆ ಎಂಬಾತ ಕುರುಡರ ಕಾಲಿಗೆ ದಾರಿ ತಿಳಿಯಲೆಂದು ಅದನ್ನು ಕಂಡುಹಿಡಿದ. 1967ರಲ್ಲಿ ಓಕಾಯಾಮಾ ಊರಿನ ಕುರುಡರ ಶಾಲೆಯ ಹತ್ತಿರ ಮೊದಲು ಹಾಕಿದರು. ನಮ್ಮಲ್ಲೂ ಹಾಕುತ್ತಾರೆ. ಬೆಂಗಳೂರಿನಲ್ಲಿ ಅಂಥ ಒಂದು ಸಾಲಿನ ಮೇಲೆ ನಂಬಿಕೆಯಿಂದ ನಡೆದು ಹೋಗಿ ಲೈಟುಕಂಬಕ್ಕೆ ಹಣೆ ಕೊಟ್ಟಿದ್ದೇನೆ. ಬಿಲ್ಲೆ ಹಾಕಿದವನಿಗೆ ಅದು ಅಲಂಕಾರ.

ಸಂಘದವರಿಗೆ ನಾನು ಸುಮ್ಮನೆ ಇಲ್ಲ ಎನ್ನಲಿಲ್ಲ, ಕೆಲವು ಪ್ರಶ್ನೆ ಕೇಳಿದೆ. ಆ ನಾಲ್ವರಿಗೆ ಯಾರು ಕಲಿಸುತ್ತಾರೆ? ಪೊಲೀಸ್ ಇಲಾಖೆಯ ನಿವೃತ್ತ ನಾಯಿ ತರಬೇತುದಾರರಂತೆ. ಕಳ್ಳನನ್ನು ಹಿಡಿಯುವ ವಿದ್ಯೆ ಬೇರೆ, ಕುರುಡನಿಗೆ ಹೊಂದಿಸುವ ವಿದ್ಯೆ ಬೇರೆ. ನಡಿಗೆಯ ವೇಗ, ಎತ್ತರ, ಸ್ವಭಾವ ನೋಡಿ ಜೋಡಿ ಮಾಡಬೇಕು. ಜೋಡಿಯನ್ನು ಹೇಗೆ ಆರಿಸುತ್ತೀರಿ? ವೇದಿಕೆಯ ಮೇಲೆ ಚೀಟಿ ಎತ್ತಿಸುವರಂತೆ. ನಾಯಿಗೆ ಕಾಯಿಲೆಯಾದರೆ, ಎಂಟು ವರ್ಷದ ಮೇಲೆ ಮುದಿಯಾದರೆ? ‘ಅದನ್ನ ಆವಾಗ ನೋಡೋಣ್ರಿ.’ ಊರಿನ ಯಾವ ಕುರುಡನನ್ನಾದರೂ ಕೇಳಿದ್ದೀರಾ? ‘ನಿಮ್ಮ ಹತ್ರ ಬಂದೇವಲ್ರಿ ಸರ.’

ನನ್ನ ಹತ್ತಿರ ಬರಬೇಕಾಗಿರಲಿಲ್ಲ. ನಮ್ಮ ಗಲ್ಲಿಯಲ್ಲೇ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ಹುಡುಗನೊಬ್ಬನಿದ್ದಾನೆ, ಹುಟ್ಟುಕುರುಡ. ದಿನಾ ಹುಬ್ಬಳ್ಳಿಗೆ ಹೋಗಿಬರುತ್ತಾನೆ. ಅವನಿಗೆ ಈ ಊರಿನ ಒಂದೊಂದು ಗುಂಡಿಯೂ ಗೊತ್ತು. ಅವನನ್ನು ಕೇಳಿದ್ದರೆ ಹೇಳುತ್ತಿದ್ದ: ಪ್ರತಿ ವರ್ಷ ಅಕ್ಟೋಬರ್ 15ರ ಬಿಳಿಕೋಲಿನ ದಿನ ವೇದಿಕೆಗೆ ಕರೆದು ಹಾರ ಹಾಕಿ ಕೋಲು ಕೊಡುತ್ತಾರೆ. ಎಲ್ಲರಿಗೂ ಒಂದೇ ಅಳತೆಯದು. ಕೋಲು ಅವರವರ ಎದೆಯ ಎತ್ತರಕ್ಕೆ ಬರಬೇಕು, ಅದನ್ನು ಬೀಸಿ ನಡೆಯುವುದನ್ನು ವಾರಗಟ್ಟಲೆ ಕಲಿಸಬೇಕು. ಕಲಿಸುವವರು ಯಾರೂ ಬರುವುದಿಲ್ಲ. ಅವನ ಅಟ್ಟದ ಮೇಲೆ ಅಂಥ ಏಳು ಕೋಲುಗಳಿವೆ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ಮೇಲೆ ಪುಟ್ಟರಾಜ ಗವಾಯಿಗಳು ಕುರುಡ ಹುಡುಗರಿಗೆ ಸಂಗೀತ ಕಲಿಸಿದರು. ಇಬ್ಬರೂ ತಾವೇ ಕುರುಡರು. ಕಾಣದವನಿಗೆ ಏನು ಬೇಕೆಂದು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಸಂಘದ ಅಧ್ಯಕ್ಷರು, ಅವರು ನಿಜಕ್ಕೂ ಸಂಭಾವಿತರು, ಗವಾಯಿಗಳ ಹೆಸರು ಹೇಳಿದೊಡನೆ ಭಕ್ತಿಯಿಂದ ಹೂಂಗುಟ್ಟಿದರು. ಆಮೇಲೆ ನಾನು, ನಾಲ್ಕು ನಾಯಿಯ ದುಡ್ಡಿನಲ್ಲಿ ಕೋಲಿನ ನಡಿಗೆ ಕಲಿಸುವ ಇಬ್ಬರು ಮಾಸ್ತರರನ್ನು ವರ್ಷಗಟ್ಟಲೆ ಇಡಬಹುದು, ಸಮಿತಿಯಲ್ಲಿ ಆ ಬ್ಯಾಂಕಿನ ಹುಡುಗನನ್ನು ಹಾಕಿಕೊಳ್ಳಿ, ಪಾಲಿಕೆಯ ಮುಂದೆ ಚಪ್ಪಡಿಗಾಗಿ ನಾನೂ ಬಂದು ಕೂರುತ್ತೇನೆ ಎಂದೆ. ‘ಅದಕ್ಕ ಜನಾ ದೇಣಿಗಿ ಕೊಡೂದಿಲ್ಲರೀ ಸರ’ ಎಂದರು. ಸುಳ್ಳು ಹೇಳಲಿಲ್ಲ.

ಸಮಾರಂಭ ಜನವರಿಯಲ್ಲಿ ಆಯಿತು. ಬೇರೆ ಮುಖ್ಯ ಅತಿಥಿ ಸಿಕ್ಕರು. ನಾಯಿಗಳ ಕಾಗದಪತ್ರ ಇನ್ನೂ ಆಗಿಲ್ಲವೆಂದು ಊರಿನವರೇ ಸಾಕಿದ ಒಂದು ಲ್ಯಾಬ್ರಡಾರನ್ನು ಆ ದಿನದ ಮಟ್ಟಿಗೆ ವೇದಿಕೆಗೆ ತಂದಿದ್ದರಂತೆ. ಮೊನ್ನೆ ಬೆಳಿಗ್ಗೆ ಟ್ರಾನ್ಸ್‌ಫಾರ್ಮರಿನ ಆಚೆ, ಎಂದೂ ಏನೂ ಇರದ ಜಾಗದಲ್ಲಿ, ಕೋಲಿಗೆ ಬಿದಿರಿನ ಗಳವೊಂದು ತಾಗಿತು. ಬಳಸಿ ಹೋಗುವಾಗ ಕಟ್ಟಿಗೆಯ ಚೌಕಟ್ಟು ಹಣೆಗೆ ಬಡಿಯಿತು. ಪಾನಪಟ್ಟಿ ಅಂಗಡಿಯವನು ಓಡಿ ಬಂದು, ‘ಅದು ನಾಯಿ ಫಂಕ್ಷನ್ನಿನ ಫ್ಲೆಕ್ಸ್ ಅದ ಕಾಕಾ, ತಿಂಗಳಾತು, ಯಾರೂ ತಗದಿಲ್ಲ’ ಎಂದ. ಫುಟ್‌ಪಾತಿಗೆ ಅಡ್ಡವಾಗಿ ನಿಲ್ಲಿಸಿದ್ದಾರೆ. ತೆಗೆಸಿರೆಂದು ಸಂಘಕ್ಕೆ ಎರಡು ಸಲ, ಪಾಲಿಕೆಗೆ ಒಂದು ಸಲ ಫೋನು ಮಾಡಿದ್ದೇನೆ.